ಎಲ್ಲಿ ಒತ್ತುತ್ತದೆ ಎಂದು ಕೇಳುವ ಊರು

ವಿಜಯನಗರ

ರಷ್ಯಕ್ಕೆ ಹೋಗಿ ಬಂದವಳು ಎಂದು ನಮ್ಮ ಬೀದಿಯವರು ನನ್ನನ್ನು ಇವತ್ತಿಗೂ ನೆಂಟರಿಗೆ ತೋರಿಸುತ್ತಾರೆ. ಆದರೆ ಎರಡು ಪ್ರಶ್ನೆ ಕೇಳುವಷ್ಟರಲ್ಲಿ ಅವರಿಗೇ ಬೇಸರವಾಗುತ್ತದೆ. ಕೆಂಪು ಚೌಕ ನೋಡಿದೆಯಾ? ಬಸ್ಸಿನ ಗಾಜು ಒರೆಸಿಕೊಂಡು, ಅರ್ಧ ನಿಮಿಷ. ಸರ್ಕಸ್? ಇಲ್ಲ. ಬ್ಯಾಲೆ? ಅದೂ ಇಲ್ಲ. ಹಾಗಾದರೆ ಇಷ್ಟು ವಾರ ಅಲ್ಲಿ ಏನು ನೋಡಿದೆ ಎಂದು ಎದುರು ಮನೆಯ ಸರೋಜಮ್ಮನವರು ಕೇಳಿದಾಗ ಇದ್ದದ್ದನ್ನು ಹೇಳಿದೆ: ಒಂದು ಕುರ್ಚಿ, ಒಂದು ಪ್ಲಾಸ್ಟರಿನ ತೊಟ್ಟಿ, ಕಿಟಕಿಯಿಲ್ಲದ ಒಂದು ಕೋಣೆ. ಅವರು ಮರುಕದಿಂದ ನೋಡಿ, ಕಾಫಿ ಕೊಟ್ಟು ಕಳಿಸಿದರು.

ನನ್ನ ಕೆಲಸ ಹೃದಯದ ಬಡಿತ ಬರೆದುಕೊಳ್ಳುವುದು. ಬೆಂಗಳೂರಿನ ಇನ್ನೊಂದು ತುದಿಯಲ್ಲಿ, ವಿಮಾನ ಹಾರಿಸುವವರ ದೇಹವನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯವಿದೆ. ವಿಜಯನಗರದಿಂದ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗುತ್ತಿದ್ದೆ. ಎದೆಗೆ ತಂತಿ ಸಿಕ್ಕಿಸಿ, ಯಂತ್ರದಿಂದ ಇಳಿಯುವ ಕಾಗದದ ಪಟ್ಟಿಯನ್ನು ಓದಬೇಕು. ಗಟ್ಟಿಮುಟ್ಟಾದ ಪೈಲಟ್ಟುಗಳು ಮುಖದಲ್ಲಿ ಒಂದು ಹೇಳಿದರೆ ಕಾಗದದಲ್ಲಿ ಇನ್ನೊಂದು ಹೇಳುತ್ತಿದ್ದರು. ನಾನು ಕಾಗದವನ್ನೇ ನಂಬುತ್ತಿದ್ದೆ.

ಎಂಬತ್ತರ ದಶಕದ ಆರಂಭ ಅದು. ನಮ್ಮ ದೇಶದವರೊಬ್ಬರು ರಷ್ಯದವರ ಜೊತೆ ಬಾಹ್ಯಾಕಾಶಕ್ಕೆ ಹೋಗುವುದು ನಿಶ್ಚಯವಾಗಿತ್ತು. ಹಾರುವವರನ್ನು ಆರಿಸುವುದು ದೊಡ್ಡವರ ಕೆಲಸ. ನಮ್ಮದು ಅದರ ಬಾಲ. ನಮ್ಮಲ್ಲಿ ಎದೆಗೆ ಕಟ್ಟಿಕೊಳ್ಳುವ ಒಂದು ಪುಟ್ಟ ಯಂತ್ರ ತಯಾರಾಗಿತ್ತು. ಅದನ್ನು ಅಲ್ಲಿನ ಅಣಕು ನೌಕೆಯೊಳಗೆ ಏಳು ದಿನ ಯಾರಾದರೂ ತೊಟ್ಟು ತೋರಿಸಬೇಕಿತ್ತು. ಅಣಕು ನೌಕೆ ಎಂದರೆ ನೆಲ ಬಿಟ್ಟು ಏಳದ, ಬಾಗಿಲು ಮುಚ್ಚಿದ ಕೋಣೆ. ಅದರೊಳಗೆ ಅವರ ಕಡೆಯ ಇಬ್ಬರು, ನಮ್ಮ ಕಡೆಯ ಒಬ್ಬರು. ಅವರಲ್ಲಿ ಹೆಂಗಸರೂ ಹಾರುತ್ತಿದ್ದುದರಿಂದ ಯಂತ್ರವನ್ನು ಹೆಂಗಸೇ ತೊಟ್ಟು ನೋಡಲಿ ಎಂದಿದ್ದರು. ನಮ್ಮಂಥ ಪ್ರಯೋಗಾಲಯಗಳಲ್ಲಿ ಮೊದಲ ಇಲಿ ನಾವೇ ಆದ್ದರಿಂದ, ನನ್ನನ್ನೂ ನನ್ನ ಸಹೋದ್ಯೋಗಿ ಶಶಿಕಲಾಳನ್ನೂ ಕಳಿಸುವುದೆಂದಾಯಿತು. ನಿಜವಾದ ಯಾತ್ರಿಗಳಿಗೆ ಕೊಡುವ ಪರೀಕ್ಷೆ, ತರಬೇತಿಗಳನ್ನೇ ಸ್ವಲ್ಪ ಕಡಿಮೆ ಮಾಡಿ ನಮಗೂ ಕೊಟ್ಟು, ಇಬ್ಬರಲ್ಲಿ ಒಬ್ಬಳನ್ನು ಅವರು ಆರಿಸುತ್ತಾರೆ.

ಶಶಿಕಲಾ ಕೆಂಗೇರಿಯವಳು, ನನಗಿಂತ ಎರಡು ವರ್ಷ ಚಿಕ್ಕವಳು. ಗೊಣಗುವುದರಲ್ಲಿ ಅವಳನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಬಸ್ಸು ಬೇಗ ಬಂದರೆ ಓಡಬೇಕಾಯಿತು ಎಂದು ಗೊಣಗುತ್ತಿದ್ದಳು, ತಡವಾದರೆ ನಿಂತು ಕಾಲು ನೊಂದಿತು ಎಂದು. ಅವಳ ಜೊತೆ ಸ್ಪರ್ಧೆ ಎಂದಾಗ, ಜಾಗ ನನಗೇ ಎಂದು ಮನಸ್ಸಿನಲ್ಲಿ ಮಂಡಿಗೆ ತಿಂದೆ. ಆ ಜಾಗದ ಮೇಲೆ ನನಗೆಷ್ಟು ಆಸೆಯಿತ್ತು ಎಂದು ಆಗ ಯಾರಿಗೂ ಹೇಳಿರಲಿಲ್ಲ. ಎಂಟು ವರ್ಷ ತಂತಿಯ ಈ ತುದಿಯಲ್ಲೇ ಕೂತವಳು ನಾನು. ಒಂದು ಸಲ, ಒಂದೇ ಸಲ, ಆ ತುದಿಯಲ್ಲಿ ಕೂರಬೇಕಿತ್ತು.

ಕಾಡಿನೊಳಗಿನ ಊರು

ಮಾಸ್ಕೋ ನಗರವನ್ನು ಬದಿಯಲ್ಲಿ ಸವರಿಕೊಂಡು ಹೋದ ಬಸ್ಸು ಕಾಡಿಗೆ ನುಗ್ಗಿತು. ಸುಣ್ಣ ಬಳಿದ ಕಂಬಗಳಂಥ ಬಿಳಿ ಮರಗಳು, ಕೆಳಗೆಲ್ಲ ಹಿಮ. ಅದರ ನಡುವೆ ಒಂದು ಗೋಡೆ, ಒಂದು ಗೇಟು, ಒಳಗೊಂದು ಪುಟ್ಟ ಊರು. ಶಾಲೆ, ಅಂಗಡಿ, ಮೊಮ್ಮಕ್ಕಳನ್ನು ಜಾರುಬಂಡಿಯಲ್ಲಿ ಎಳೆದುಕೊಂಡು ಹೋಗುವ ಅಜ್ಜಿಯರು. ನಮ್ಮ ಕಡೆಯ ಫ್ಯಾಕ್ಟರಿ ಕ್ವಾರ್ಟರ್ಸಿನಂತೆಯೇ ಇತ್ತು. ಬ್ರೆಡ್ಡಿನ ಸಾಲಿನಲ್ಲಿ ನಿಮ್ಮ ಮುಂದೆ ಚೀಲ ಹಿಡಿದು ನಿಂತವರು ಭೂಮಿಯನ್ನು ನೂರಾರು ಸಲ ಸುತ್ತಿ ಬಂದವರಾಗಿರಬಹುದು, ಅಷ್ಟೇ ವ್ಯತ್ಯಾಸ.

ಮೊದಲ ದಿನವೇ ನನ್ನ ಮಾನ ಹೋಯಿತು. ನನ್ನ ಕೋಟನ್ನು ಹೊಲಿದವರು ಹೊಸಹಳ್ಳಿಯ ಟೈಲರ್. ಹಿಮವನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿದ್ದರೂ ಧೈರ್ಯ ಮಾಡಿದ್ದರು. ಅಲ್ಲಿ ಯಾವ ಕಟ್ಟಡಕ್ಕೆ ಹೋದರೂ ಬಾಗಿಲಲ್ಲೇ ಕೋಟು ಕಳಚಿ ಕೊಡಬೇಕು. ಕೋಟು ತೆಗೆದುಕೊಳ್ಳುವ ಹೆಂಗಸು ನನ್ನದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಜೋರಾಗಿ ಬೈಯತೊಡಗಿದರು. ಕುತ್ತಿಗೆಯ ಒಳಗಡೆ ಮೊಳೆಗೆ ನೇತುಹಾಕುವ ಕುಣಿಕೆಯೇ ಇರಲಿಲ್ಲ. ಸಾಲಿನಲ್ಲಿದ್ದವರೆಲ್ಲ ನನ್ನತ್ತ ನೋಡಿದರು. ಸಂಜೆ ವಾಪಸು ಹೋದಾಗ ಕೋಟಿಗೆ ದಪ್ಪ ಕಪ್ಪು ದಾರದಲ್ಲಿ ಕುಣಿಕೆ ಹೊಲಿದಿತ್ತು. ಅದನ್ನು ನನಗೆ ತೊಡಿಸುವಾಗಲೂ ಬೈಯುತ್ತಲೇ ಇದ್ದರು. ನಮ್ಮಲ್ಲಾಗಿದ್ದರೆ ಪರವಾಗಿಲ್ಲಮ್ಮ ಎಂದು ನಕ್ಕು ಕಳಿಸುತ್ತಿದ್ದರು, ಕೋಟು ಇಡೀ ಚಳಿಗಾಲ ಜಾರಿ ನೆಲಕ್ಕೆ ಬೀಳುತ್ತಿತ್ತು.

ನಾವಿಳಿದ ಹಾಸ್ಟೆಲಿನ ನಮ್ಮ ಅಂತಸ್ತನ್ನು ನೋಡಿಕೊಳ್ಳುತ್ತಿದ್ದವರು ಜೋಯಾ ಎಂಬ ಮುದುಕಿ. ಹೇಗಿದ್ದೀರಿ ಎಂಬುದನ್ನು ರಷ್ಯನ್ನಿನಲ್ಲಿ ಕಲಿತಿದ್ದ ನಾನು ಮರ್ಯಾದೆಗೆ ಕೇಳಿದೆ. ಅವರು ಬೀಗದ ಕೈ ಗೊಂಚಲು ಕೆಳಗಿಟ್ಟು, ಕಾಲುಚೀಲ ಇಳಿಸಿ, ತಮ್ಮ ಬಲಮೊಣಕಾಲಿನ ಕಥೆಯನ್ನು ಇಪ್ಪತ್ತು ನಿಮಿಷ ಹೇಳಿದರು. ಎಲ್ಲಿ ಚುಚ್ಚುತ್ತದೆ, ಯಾವ ಮೆಟ್ಟಿಲಿನಲ್ಲಿ ಹಿಡಿಯುತ್ತದೆ, ಎಲ್ಲವನ್ನೂ ಅಭಿನಯಿಸಿದರು. ಮರುದಿನವೂ ಕೇಳಿದೆ, ಮರುದಿನವೂ ಹೇಳಿದರು. ನಮ್ಮಲ್ಲಿ ಹೇಗಿದ್ದೀರಾ ಎನ್ನುವುದು ಪ್ರಶ್ನೆಯಲ್ಲ, ನಮಸ್ಕಾರದ ಬಾಲಂಗೋಚಿ. ಉತ್ತರ ಮೊದಲೇ ಗೊತ್ತಿರುತ್ತದೆ.

ನನ್ನ ಅಪ್ಪ ಬಿನ್ನಿಪೇಟೆಯ ಬಟ್ಟೆ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತು ದುಡಿದವರು. ಮಗ್ಗದ ಸದ್ದಿಗೆ ಅವರ ಎಡಗಿವಿ ಹೋಗಿತ್ತು. ಹನ್ನೆರಡು ವರ್ಷ ಅದನ್ನು ಯಾರಿಗೂ ಹೇಳದೆ, ಎಡಗಡೆ ಕೂತವರು ಏನೇ ಹೇಳಲಿ ನಗುತ್ತಾ ತಲೆಯಾಡಿಸುತ್ತಿದ್ದರು. ಎಷ್ಟು ಸಾಧು ಮನುಷ್ಯ ಎಂದು ಊರೆಲ್ಲ ಹೊಗಳಿತು. ನಾನು ಬೆಳೆದದ್ದು ಅಂಥ ಮನೆಯಲ್ಲಿ.

ತಿರುಗುವ ಕುರ್ಚಿ

ನಮ್ಮಿಬ್ಬರನ್ನು ಪರೀಕ್ಷಿಸಿ ಆರಿಸಬೇಕಾಗಿದ್ದವರು ವೇರಾ ಪಾವ್ಲೊವ್ನಾ ಎಂಬ ವೈದ್ಯೆ. ಐವತ್ತರ ಆಸುಪಾಸು, ಗಂಡಸರ ಕೈಗಡಿಯಾರ, ಒಂದೊಂದೇ ಪದ ಆರಿಸಿಕೊಂಡು ಆಡುವ ಇಂಗ್ಲಿಷು. ನಗುವುದು ಅವರಿಗೆ ಇಷ್ಟವಿರಲಿಲ್ಲವೆಂದಲ್ಲ, ಕಾರಣವಿಲ್ಲದೆ ನಗುತ್ತಿರಲಿಲ್ಲ. ನಾನು ಕಾರಣವಿಲ್ಲದೆ ನಕ್ಕಾಗಲೆಲ್ಲ ಏನಾಯಿತು ಎಂದು ಕೇಳುತ್ತಿದ್ದರು.

ಕುರ್ಚಿ ನೋಡಲು ನಮ್ಮ ಕ್ಷೌರದಂಗಡಿಯ ಕುರ್ಚಿಯಂತಿತ್ತು. ಕಣ್ಣಿಗೆ ಪಟ್ಟಿ ಕಟ್ಟಿ ಕೂರಿಸಿ ತಿರುಗಿಸುತ್ತಾರೆ. ತಿರುಗುವಾಗ ಟಕ್ ಟಕ್ ಎಂಬ ಸದ್ದಿಗೆ ಸರಿಯಾಗಿ ತಲೆಯನ್ನು ಎಡಕ್ಕೆ ಬಲಕ್ಕೆ ವಾಲಿಸಬೇಕು. ಭಾರವಿಲ್ಲದ ಜಾಗಕ್ಕೆ ಹೋದಾಗ ಕಿವಿಯೊಳಗಿನ ತಕ್ಕಡಿ ದಿಕ್ಕೆಡುತ್ತದೆ, ಅದಕ್ಕೆ ಇಲ್ಲೇ ಅಭ್ಯಾಸ. ನಿಮಿಷಕ್ಕೊಮ್ಮೆ ಹೇಗಿದೆ ಎಂದು ಕೇಳುತ್ತಾರೆ. ಏನೂ ಇಲ್ಲವೆಂದರೆ ಸೊನ್ನೆ, ವಾಂತಿಯೇ ಬರುವಂತಿದ್ದರೆ ನಾಲ್ಕು. ಶುರುವಾಗುವ ಮೊದಲೇ ವೇರಾ ಪಾವ್ಲೊವ್ನಾ ಹೇಳಿದ್ದರು, ವಾಂತಿ ಮಾಡಿಕೊಂಡ ಎಷ್ಟೋ ಜನ ಆಮೇಲೆ ಚೆನ್ನಾಗಿ ಹಾರಿದ್ದಾರೆ ಎಂದು. ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡೆ.

ಶಶಿಕಲಾ ಮೊದಲ ನಿಮಿಷಕ್ಕೇ ಒಂದು ಎಂದಳು. ಬಾಯಲ್ಲಿ ನೀರು ಬರುತ್ತಿದೆ, ಕತ್ತಿನ ಹಿಂದೆ ಬೆವರು, ಎಡಕ್ಕೆ ವಾಲಿದಾಗ ಬಲಕ್ಕಿಂತ ಕೆಟ್ಟದಾಗಿದೆ ಎಂದೆಲ್ಲ ವರದಿ ಕೊಟ್ಟಳು. ಐದನೆಯ ನಿಮಿಷಕ್ಕೆ ನಾಲ್ಕು ಎಂದು ಕೂಗಿ, ಬಕೆಟ್ಟು ತರಿಸಿಕೊಂಡಳು. ನಾನು ಹತ್ತು ನಿಮಿಷ ಪೂರ್ತಿ ಕೂತೆ. ಕೇಳಿದಾಗಲೆಲ್ಲ ಸೊನ್ನೆ ಎಂದೆ. ಆರನೆಯ ನಿಮಿಷದಿಂದ ನನ್ನ ಹೊಟ್ಟೆ ಗಂಟಲಿನಲ್ಲಿತ್ತು. ಪಟ್ಟಿ ಬಿಚ್ಚಿದ ಮೇಲೆ ಥ್ಯಾಂಕ್ಸ್ ಹೇಳಿ, ಮೆಲ್ಲಗೆ ನಡೆದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಬಂದಾಗ ವೇರಾ ಪಾವ್ಲೊವ್ನಾ ಏನೋ ಬರೆಯುತ್ತಿದ್ದರು. ಹಾಳೆಯಲ್ಲಿ ಅಕ್ಕಪಕ್ಕ ಎರಡು ಕಾಲಮ್ಮುಗಳಿದ್ದವು. ನಾನು ಹೇಳಿದ್ದು ಒಂದರಲ್ಲಿ, ಅವರು ಕಂಡದ್ದು ಇನ್ನೊಂದರಲ್ಲಿ ಎಂದು ನನಗೆ ತಿಳಿದದ್ದು ಬಹಳ ದಿನದ ಮೇಲೆ.

"ನಿಂಗೇನೂ ಆಗ್ಲಿಲ್ವೇನೇ? ನಿನ್ನನ್ನ ಯಾವ ಮಣ್ಣಲ್ಲಿ ಮಾಡಿದಾರೋ," ಎಂದು ಶಶಿ ಹಾಸಿಗೆಯಲ್ಲಿ ಮುಲುಗಿದಳು.

"ಏನೂ ಆಗ್ಲಿಲ್ಲ ಕಣೇ," ಎಂದೆ. ಅವಳಿಗೆ ನಿಂಬೆಹಣ್ಣಿನ ಚಹಾ ತಂದುಕೊಟ್ಟೆ. ಜಾಗ ನನ್ನದೇ ಆಯಿತು ಎಂಬ ಖುಷಿಯಲ್ಲಿ ಉಪಚಾರ ಜೋರಾಗಿಯೇ ಇತ್ತು.

ಪ್ಲಾಸ್ಟರಿನ ತೊಟ್ಟಿ

ನೌಕೆಯಲ್ಲಿ ಒಬ್ಬರ ಆಸನದಲ್ಲಿ ಇನ್ನೊಬ್ಬರು ಕೂರುವಂತಿಲ್ಲ. ಯಾತ್ರೆ ಮುಗಿಸಿ ನೆಲಕ್ಕಿಳಿಯುವಾಗ ನೌಕೆ ಕೊನೆಗೆ ನೆಲಕ್ಕೆ ಗುದ್ದಿಯೇ ಗುದ್ದುತ್ತದೆ. ಆಗ ಬೆನ್ನಿಗೂ ಆಸನಕ್ಕೂ ನಡುವೆ ಬೆರಳಷ್ಟು ಸಂದಿದ್ದರೂ ಬೆನ್ನುಮೂಳೆಗೆ ಗಂಡಾಂತರ. ಅದಕ್ಕೇ ಒಬ್ಬೊಬ್ಬರ ಬೆನ್ನಿನ ಅಚ್ಚು ತೆಗೆದು ಆಸನದ ಒಳಪದರ ಮಾಡುತ್ತಾರೆ. ನೆಲ ಬಿಟ್ಟು ಏಳದ ಅಣಕು ನೌಕೆಗೂ ಅದೇ ನಿಯಮ. ಅಭ್ಯಾಸದಲ್ಲಿ ಸಡಿಲ ಬಿಟ್ಟದ್ದು ನಿಜದಲ್ಲಿ ಬಿಗಿಯಾಗುವುದಿಲ್ಲ ಎಂದು ಅವರ ವಾದ.

ಅಚ್ಚು ತೆಗೆಯುವವರು ಇವಾನಿಚ್ ಎಂಬ ಮುದುಕರು. ಬಟ್ಟೆಯ ತೆಳು ಅಂಗಿ, ಪೈಜಾಮ ತೊಡಿಸಿ, ಮೊಣಕಾಲನ್ನು ಎದೆಗೆ ಮಡಚಿಸಿ ನನ್ನನ್ನು ಉಗುರುಬೆಚ್ಚಗಿನ ಪ್ಲಾಸ್ಟರಿನ ತೊಟ್ಟಿಯಲ್ಲಿ ಇಳಿಸಿದರು. ದೋಸೆಹಿಟ್ಟಿನಲ್ಲಿ ಮಲಗಿದ ಹಾಗಿತ್ತು. ಹಿಟ್ಟು ಬಿಸಿಯಾಗುತ್ತಾ ಗಟ್ಟಿಯಾಯಿತು. ನನ್ನನ್ನು ಎತ್ತಿದಾಗ ಕೆಳಗೆ ನನ್ನ ಬೆನ್ನೇ ತಗ್ಗಾಗಿ ಉಳಿದಿತ್ತು. ನನ್ನ ಬೆನ್ನನ್ನು ನಾನು ಅದೇ ಮೊದಲು ನೋಡಿದ್ದು. ಒಂದು ಭುಜ ಇನ್ನೊಂದಕ್ಕಿಂತ ಕೆಳಗಿತ್ತು, ವರ್ಷಗಟ್ಟಲೆ ಒಂದೇ ಹೆಗಲಿಗೆ ಬ್ಯಾಗು ಹಾಕಿಕೊಂಡು ಬಸ್ಸಿನಲ್ಲಿ ನೇತಾಡಿದ್ದರ ಫಲ.

ನಾಲ್ಕು ದಿನ ಕೂತು ಇವಾನಿಚ್ ಅದನ್ನು ಚಾಕುವಿನಿಂದ ಹೆರೆದು ನಯ ಮಾಡಿದರು. ಐದನೆಯ ದಿನ ಮಲಗಿ ನೋಡಲು ಕರೆದರು. ಅವರಿಗೆ ಬರುತ್ತಿದ್ದ ಇಂಗ್ಲಿಷು ಒಂದೇ ವಾಕ್ಯ: ಎಲ್ಲಿ ಒತ್ತುತ್ತದೆ? ಒತ್ತುತ್ತದೆಯೇ ಎಂದಲ್ಲ, ಎಲ್ಲಿ ಎಂದೇ.

ಎಡಭುಜದ ಕೆಳಗೆ ಒತ್ತುತ್ತಿತ್ತು. ಹುಣಸೆಬೀಜದಷ್ಟು ಉಬ್ಬು. ಎಲ್ಲೂ ಇಲ್ಲ ಎಂದೆ. ಅವರು ನನ್ನ ಪಕ್ಕದಲ್ಲಿ ಮಂಡಿಯೂರಿ ಕೂತು ಇನ್ನೊಮ್ಮೆ ಕೇಳಿದರು. ಅವರ ಬಿಳಿ ಹುಬ್ಬಿನ ಮೇಲೆ ಪ್ಲಾಸ್ಟರಿನ ಪುಡಿ ಕೂತಿತ್ತು, ಬೆರಳಿನ ಗೆಣ್ಣುಗಳು ಒಡೆದಿದ್ದವು. ನಾಲ್ಕು ದಿನ ಬಗ್ಗಿ ಕೆಲಸ ಮಾಡಿದ ಹಿರಿಯರಿಗೆ ನಿಮ್ಮ ಕೆಲಸ ಸರಿಯಿಲ್ಲ ಎನ್ನುವುದು ಹೇಗೆ? ಊಟಕ್ಕೆ ಕರೆದವರ ಮನೆಯಲ್ಲಿ ಉಪ್ಪು ಕಡಿಮೆ ಅನ್ನಬಾರದು ಎಂದು ಕಲಿತವಳು ನಾನು. ಮೂರನೆಯ ಸಲವೂ ಕೇಳಿದರು. ತುಂಬಾ ಚೆನ್ನಾಗಿದೆ ಎಂದು ಕೈಮುಗಿದೆ.

ಶಶಿ ಅವರನ್ನು ಎರಡು ದಿನ ಗೋಳು ಹುಯ್ದುಕೊಂಡಳು. ಇಲ್ಲಿ ಒತ್ತುತ್ತೆ, ಈಗ ಅಲ್ಲಿ ಒತ್ತುತ್ತೆ, ಸೊಂಟದ ಹತ್ತಿರ ಗಾಳಿಯಾಡುತ್ತೆ ಎಂದು ತೋರಿಸುತ್ತಲೇ ಇದ್ದಳು. ನಾಚಿಕೆಯಿಂದ ನಾನು ಬೇರೆ ಕಡೆ ನೋಡಿದೆ.

ಎರಡು ಗಂಟೆ

ಆಸನದಲ್ಲಿ ಎರಡು ಗಂಟೆ ಅಲುಗಾಡದೆ ಮಲಗಿರುವುದು ಆಯ್ಕೆಯ ಕೊನೆಯ ಪರೀಕ್ಷೆ. ಎದೆಗೆ ನಮ್ಮದೇ ಯಂತ್ರ. ಹತ್ತು ನಿಮಿಷಕ್ಕೊಮ್ಮೆ ಹೇಗಿದೆ ಎಂಬ ಪ್ರಶ್ನೆ.

ಹುಣಸೆಬೀಜ ಮೊದಲು ಗೋಲಿಯಾಯಿತು, ಆಮೇಲೆ ಕೆಂಡವಾಯಿತು. ಒಂದು ಗಂಟೆಯ ಹೊತ್ತಿಗೆ ನನ್ನ ಎಡಗೈ ಮರಗಟ್ಟಿತ್ತು. ಚೆನ್ನಾಗಿದೆ ಎಂದೆ. ಅಪ್ಪ, ಅಮ್ಮ, ನಮ್ಮ ಬೀದಿಯಲ್ಲಿ ನೀರಿನ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಹೆಂಗಸರು, ಎಲ್ಲರನ್ನೂ ನೆನೆದುಕೊಂಡು ಹಲ್ಲುಕಚ್ಚಿದೆ. ಎರಡು ಗಂಟೆ ಮುಗಿಯಿತು. ಎದ್ದು ನಿಂತಾಗ ನಗುತ್ತಿದ್ದೆ. ಗೆದ್ದೆ ಎಂದೇ ನನ್ನ ಭಾವನೆ.

ಮಧ್ಯಾಹ್ನ ವೇರಾ ಪಾವ್ಲೊವ್ನಾ ಕರೆಸಿ, ಮೇಜಿನ ಮೇಲೆ ಉದ್ದನೆಯ ಕಾಗದದ ಪಟ್ಟಿ ಹರಡಿದರು. ನೀನು ಎಂಟು ವರ್ಷ ಇದನ್ನೇ ಓದಿದವಳು, ಓದು ಎಂದರು. ಹೆಸರಿರಲಿಲ್ಲ. ನನಗೆ ಅಭ್ಯಾಸಬಲ. ಬೆರಳಿಟ್ಟುಕೊಂಡು ಓದುತ್ತಾ ಹೋದೆ. ಇವರಿಗೆ ಹತ್ತನೆಯ ನಿಮಿಷದ ಸುಮಾರಿಗೆ ಎಲ್ಲೋ ನೋವು ಶುರುವಾಗಿದೆ, ನಲವತ್ತರ ಹೊತ್ತಿಗೆ ಜೋರಾಗಿದೆ, ಇಲ್ಲಿ ಉಸಿರು ಬಿಗಿಹಿಡಿದಿದ್ದಾರೆ, ಇವರನ್ನು ಆಗಲೇ ಎಬ್ಬಿಸಬೇಕಿತ್ತು ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಅದು ಯಾರ ಕಾಗದ ಎಂದು ನನಗೆ ತಿಳಿದಿತ್ತು.

ಅವರು ಬೈಯಲಿಲ್ಲ. ನೋವು ತಡೆಯುವವರು ನಮಗೆ ಬೇಕಾದಷ್ಟಿದ್ದಾರೆ ಎಂದರು. ಮೇಲೆ ಹೋದಾಗ ಜೊತೆಯ ಇಬ್ಬರಿಗೆ ನಿನ್ನ ಹೃದಯ ಕಾಣುವುದಿಲ್ಲ, ನಿನ್ನ ಮಾತು ಮಾತ್ರ ಕೇಳುತ್ತದೆ. ಆ ಮಾತನ್ನು ನಂಬಿ ಅವರು ಮುಂದಿನ ಹೆಜ್ಜೆ ಇಡುತ್ತಾರೆ. ಇವಾನಿಚ್ ಕೇಳಿದಾಗ ಯಾಕೆ ಹೇಳಲಿಲ್ಲ ಎಂದರು. ಹಿರಿಯರ ಮನಸ್ಸು ನೋಯಿಸಬಾರದೆಂದು ಎಂದೆ. ಅದನ್ನು ಬಾಗಿಲಲ್ಲಿ ನಿಂತಿದ್ದ ಇವಾನಿಚ್‌ಗೆ ಅನುವಾದಿಸಿದರು. ಮುದುಕರ ಮುಖ ಕೆಂಪಾಯಿತು. ಅವರು ಹೇಳಿದ್ದನ್ನು ವೇರಾ ಪಾವ್ಲೊವ್ನಾ ತುಸು ತಡೆದು ನನಗೆ ತಿಳಿಸಿದರು: ನಾನು ಕೆಲಸ ಮಾಡಿದ್ದು ಇವಳ ಹೊಗಳಿಕೆಗೋ, ಇವಳ ಬೆನ್ನಿಗೋ? ಆಮೇಲೆ ಮುದುಕರು ಹೋಗಿ, ಚಾಕು ತೆಗೆದುಕೊಂಡು, ನಾನು ತೋರಿಸಿದ ಜಾಗವನ್ನು ಹೆರೆದರು. ಐದು ನಿಮಿಷದ ಕೆಲಸ.

ಸಂಜೆ ಹೆಸರು ಹೇಳಿದರು. ಶಶಿಕಲಾ.

"ನಂಗ್ಯಾಕೆ ಕೊಟ್ರೇ? ನಾನು ಬಂದಾಗಿಂದ ಬರೀ ಗೊಣಗಿದ್ದೇ ಆಯ್ತು," ಎಂದು ಅವಳೇ ಗಾಬರಿಯಾದಳು.

"ಗೊಣಗೋಕೇ ಇಲ್ಲಿ ಮಾರ್ಕ್ಸು ಕಣೇ," ಎಂದು ಅವಳ ಬೆನ್ನು ತಟ್ಟಿದೆ. ನಿಂಗೆ ಬೇಜಾರಿಲ್ವಾ ಎಂದು ಕೇಳಿದಳು. ಒಂಚೂರೂ ಇಲ್ಲ ಎಂದೆ. ಪಾಠ ಕಲಿತು ಇನ್ನೂ ನಾಲ್ಕು ಗಂಟೆ ಆಗಿರಲಿಲ್ಲ.

ಕೋಣೆಯ ಹೊರಗೆ

ಪ್ರಯಾಣ ಹೊರಡುವ ಮೊದಲು ಆ ಜನ ಒಂದು ನಿಮಿಷ ಮಾತಿಲ್ಲದೆ ಕೂರುತ್ತಾರೆ. ಪೆಟ್ಟಿಗೆ ಬಾಗಿಲಲ್ಲಿ, ಚಪ್ಪಲಿ ಕಾಲಲ್ಲಿ, ಎಲ್ಲರೂ ಸುಮ್ಮನೆ. ಎಲ್ಲಿಗೂ ಹೋಗದ ನೌಕೆಗೂ ಅದನ್ನು ತಪ್ಪಿಸಲಿಲ್ಲ. ಅವರ ಕಡೆಯ ಇಬ್ಬರು ಯುವಕರು, ಶಶಿ, ವೇರಾ ಪಾವ್ಲೊವ್ನಾ, ನಮ್ಮ ಜೊತೆ ಬೆಂಗಳೂರಿನಿಂದ ಬಂದಿದ್ದ ವೈದ್ಯರಾದ ಮೇಜರ್ ಸಾರ್, ನಾನು, ಎಲ್ಲರೂ ಬೆಂಚಿನ ಮೇಲೆ ಕೂತೆವು. ಆಮೇಲೆ ಮೂವರು ಒಳಗೆ ಹೋದರು. ಬಾಗಿಲು ಮುಚ್ಚಿತು. ಬಾಗಿಲಿನ ಅಂಗೈಯಗಲದ ಗಾಜಿನಲ್ಲಿ ಕಂಡ ಶಶಿಗೆ ನಾನು ನಗುತ್ತಾ ಕೈಬೀಸಿದೆ.

ನನ್ನ ಕೆಲಸ ಮತ್ತೆ ತಂತಿಯ ಈ ತುದಿಗೇ ಬಂತು. ಬೆಳಗಿನ ಪಾಳಿ. ಶಶಿಯ ಹೃದಯ ಕಾಗದದ ಮೇಲೆ ಇಳಿಯುತ್ತಿತ್ತು, ಗಂಟೆಗೊಮ್ಮೆ ಮೈಕಿನಲ್ಲಿ ಅವಳನ್ನು ಮಾತಾಡಿಸಬೇಕು. ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಆಡಬೇಕೆಂಬ ನಿಯಮ. ಮೊದಲ ದಿನಗಳಲ್ಲಿ ಅವಳ ವರದಿಗೆ ಕಾಗದ ಸಾಲದು. ಎದೆಯ ಪಟ್ಟಿ ತುರಿಸುತ್ತದೆ, ಫ್ಯಾನಿನ ಸದ್ದಿಗೆ ತಲೆ ಚಿಟ್ಟು ಹಿಡಿಯುತ್ತದೆ, ಟ್ಯೂಬಿನಲ್ಲಿ ಹಿಂಡಿ ತಿನ್ನುವ ಸೂಪು ಗೋಡೆಗೆ ಬಳಿಯುವ ಸುಣ್ಣದಂತಿದೆ. ವೇರಾ ಪಾವ್ಲೊವ್ನಾ ಎಲ್ಲವನ್ನೂ ಬರೆದುಕೊಂಡು ಎರಡನ್ನು ಸರಿಪಡಿಸಿದರು. ಮೇಜರ್ ಸಾರ್ ಮಾತ್ರ ಕೈ ಹಿಸುಕಿಕೊಳ್ಳುತ್ತಿದ್ದರು. ಊರಿನಿಂದ ಫೋನು ಬಂದಿತ್ತು. ನಮ್ಮ ಹುಡುಗಿ ಏಳು ದಿನ ಪೂರ್ತಿ ಮಾಡಲೇಬೇಕು, ದೇಶದ ಮಾನದ ಪ್ರಶ್ನೆ ಎಂದು ಹೇಳಿದ್ದರಂತೆ. ಅದನ್ನು ಅವರು ನಾಲ್ಕನೆಯ ದಿನ ಶಶಿಗೆ ಮೈಕಿನಲ್ಲೇ ತಿಳಿಸಿದರು. ಕೆಂಗೇರಿಯ ಅವಳ ಮನೆಯವರಿಗೂ ತಿಳಿಸಿದ್ದಾರೆ ಎಂದರು.

ನಾನು ಅವಳ ಹೃದಯ ಓದುತ್ತಾ ಏನು ಬಯಸುತ್ತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ದಿನಕ್ಕೊಂದು ಸಲವಾದರೂ, ಇವಳಿಗೆ ಸಾಕಾಗಿ ಹೊರಗೆ ಬರಲಿ ಎಂದುಕೊಳ್ಳುತ್ತಿದ್ದೆ.

ಐದನೆಯ ದಿನ

ಐದನೆಯ ದಿನ ಬೆಳಿಗ್ಗೆ ಸೂಪು ಹೇಗಿತ್ತು ಎಂದು ಕೇಳಿದೆ. ಚೆನ್ನಾಗಿತ್ತು ಎಂದಳು. ಪಟ್ಟಿ? ಪರವಾಗಿಲ್ಲ. ಫ್ಯಾನು? ಅಭ್ಯಾಸವಾಗಿದೆ. ಕೊನೆಗೂ ಹೊಂದಿಕೊಂಡಳು ಎಂದು ಪಕ್ಕದಲ್ಲಿದ್ದ ರಷ್ಯನ್ ನರ್ಸ್ ಖುಷಿಪಟ್ಟಳು. ಮೇಜರ್ ಸಾರ್ ನಿರಾಳವಾಗಿ ಉಸಿರು ಬಿಟ್ಟರು.

ನಾನು ಬರೆಯುವುದನ್ನು ನಿಲ್ಲಿಸಿದೆ. ಕೆಂಗೇರಿಯಿಂದ ಮಾಸ್ಕೋವರೆಗೆ ಅವಳ ಗೊಣಗಾಟ ಕೇಳಿದವಳು ನಾನು. ಸಣ್ಣದಕ್ಕೆಲ್ಲ ಬಾಯಿ ಬಿಡುವ ಶಶಿ ದೊಡ್ಡದು ಬಂದಾಗ ಬಾಯಿ ಮುಚ್ಚುತ್ತಾಳೆ ಎಂದು ಆ ಕಟ್ಟಡದಲ್ಲಿ ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ. ಅವಳೂ ನನ್ನಂಥ ಮನೆಯಲ್ಲೇ ಬೆಳೆದವಳು. ಕಾಗದ ನೋಡಿದೆ. ಬಡಿತ ನಿನ್ನೆಗಿಂತ ಸ್ವಲ್ಪ ವೇಗ, ಆದರೆ ಗಾಬರಿಯಾಗುವಷ್ಟಲ್ಲ. ಬೇರೆಯವರದಾಗಿದ್ದರೆ ನಾನೂ ಮುಂದಕ್ಕೆ ಹೋಗುತ್ತಿದ್ದೆ. ನಿಯಮ ಮುರಿದು ಕನ್ನಡದಲ್ಲಿ ಕೇಳಿದೆ.

"ಶಶಿ, ಎಲ್ಲೇ ನೋವು?"

"ಏನೂ ಇಲ್ಲ ಕಣೇ. ಇನ್ನೆರಡು ದಿನ ತಾನೆ. ಯಾರಿಗೂ ಹೇಳ್ಬೇಡ," ಎಂದಳು.

ಮೇಜರ್ ಸಾರ್‌ಗೆ ಕನ್ನಡ ಬರುತ್ತಿರಲಿಲ್ಲ. ಆ ಮಾತು ನನ್ನೊಬ್ಬಳಿಗೇ ಸೇರಿತು. ಹೇಳಿದರೆ ಬಾಗಿಲು ತೆರೆಯುತ್ತಾರೆ, ಪ್ರಯೋಗ ನಿಲ್ಲುತ್ತದೆ. ಒಳಗಿನ ಇನ್ನಿಬ್ಬರ ಐದು ದಿನವೂ ವ್ಯರ್ಥ. ಊರಿನಲ್ಲಿ ತಲೆ ತಗ್ಗಿಸಬೇಕು. ಸೋತವಳು ಹೊಟ್ಟೆಕಿಚ್ಚಿಗೆ ಗೆಳತಿಯನ್ನು ಬೀಳಿಸಿದಳು ಎಂದು ಯಾರೂ ಅನ್ನದೆ ಇರುವುದಿಲ್ಲ. ಅದಕ್ಕಿಂತ ಕಷ್ಟ, ಅದು ಸುಳ್ಳು ಎಂದು ನನಗೆ ನಾನೇ ಹೇಳಿಕೊಳ್ಳಲಾಗಲಿಲ್ಲ. ಅವಳು ಹೊರಗೆ ಬರಲಿ ಎಂದು ಬಯಸಿದ್ದೆನಲ್ಲ. ಈಗ ಎದ್ದು ಹೋಗಿ ಹೇಳುತ್ತಿರುವುದು ಯಾರು, ಗೆಳತಿಯೋ, ಸೋತವಳೋ? ಕುರ್ಚಿಯಲ್ಲಿ ಕೂತೇ ಇದ್ದೆ. ಕಾಗದ ಮಾತ್ರ ಇಳಿಯುತ್ತಿತ್ತು, ಮೊಳದ ಮೇಲೆ ಮೊಳ.

ಆಮೇಲೆ ಎದ್ದು ವೇರಾ ಪಾವ್ಲೊವ್ನಾ ಅವರ ಕೋಣೆಗೆ ಹೋದೆ. ಅವರು ಕಾಗದ ನೋಡಿದರು, ನನ್ನನ್ನು ನೋಡಿದರು. ಇದರಲ್ಲಿ ಅಂಥದ್ದೇನೂ ಕಾಣುತ್ತಿಲ್ಲ, ಆಯ್ಕೆಯಾಗದೆ ಉಳಿದವಳು ನೀನು, ನಾಳೆ ಎಲ್ಲರೂ ಕೇಳುತ್ತಾರೆ, ಖಚಿತವೇ ಎಂದರು.

ನಾನು ನಗಲಿಲ್ಲ. ಆ ಜಾಗದ ಮೇಲೆ ನನಗೆ ಆಸೆ ಇತ್ತು, ಈಗಲೂ ಇದೆ, ಅವಳ ಮೇಲೆ ಅಸೂಯೆಯೂ ಇದೆ ಎಂದೆ. ಅದು ಒಂದು ಕಾಲಮ್ಮು. ಅವಳಿಗೆ ಎಲ್ಲೋ ಜೋರಾಗಿ ನೋಯುತ್ತಿದೆ. ಅದು ಇನ್ನೊಂದು. ಎರಡನ್ನೂ ಬರೆದುಕೊಳ್ಳಿ.

ಅವರು ಬರೆದುಕೊಂಡರು. ನಂತರ ಬಾಗಿಲು ತೆರೆಸಿದರು.

ಶಶಿಯ ಎಡಗಾಲಿನ ಮೀನಖಂಡ ಊದಿ ಬಿಗಿದುಕೊಂಡಿತ್ತು, ಮುಟ್ಟಿದರೆ ಸುಡುತ್ತಿತ್ತು. ದಿನಗಟ್ಟಲೆ ಮುದುಡಿ ಕೂತದ್ದರಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಏರಿದರೆ ಮುಂದಿನ ಮಾತೇ ಇಲ್ಲ. ಅವಳನ್ನು ಸ್ಟ್ರೆಚರಿನಲ್ಲಿ ಒಯ್ದರು. ಒಳಗಿದ್ದ ಇಬ್ಬರು ಯುವಕರು ಹೊರಬಂದು ಬೆಂಚಿನ ಮೇಲೆ ಕೂತರು. ಗಡ್ಡ ಬೆಳೆದಿತ್ತು. ಅವರಲ್ಲೊಬ್ಬ ಎದ್ದು ಬಂದು ನನ್ನ ಕೈ ಕುಲುಕಿದ. ಇನ್ನೊಬ್ಬ ಗೋಡೆ ನೋಡುತ್ತಾ ಕೂತೇ ಇದ್ದ. ಇಬ್ಬರ ಮೇಲೂ ನನಗೆ ದೂರಿಲ್ಲ.

ವಾರ್ಡು

ಆಸ್ಪತ್ರೆಯಲ್ಲಿ ಮೂರು ದಿನ ಶಶಿ ನನ್ನೊಡನೆ ಮಾತಾಡಲಿಲ್ಲ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಟ್ಟಿದ್ದರು. ಸೂಜಿ, ಮಾತ್ರೆ, ಮತ್ತೆ ಸೂಜಿ. ನರ್ಸ್ ಕೇಳಿದ್ದಕ್ಕೆಲ್ಲ ಚೆನ್ನಾಗಿದೆ ಎನ್ನುತ್ತಿದ್ದಳು. ಆಸ್ಪತ್ರೆಯ ಸೂಪು ನಿಜಕ್ಕೂ ಕೆಟ್ಟದಾಗಿತ್ತು, ಅದನ್ನೂ ಗೊಣಗದೆ ಕುಡಿದಳು. ಪ್ರಯೋಗ ಅರ್ಧಕ್ಕೆ ನಿಂತಿತು ಎಂದು ಮೇಜರ್ ಸಾರ್ ಊರಿಗೆ ತಂತಿ ಕಳಿಸಿದ್ದರು. ನನ್ನನ್ನು ಕಂಡರೆ ಪೇಪರು ಅಡ್ಡ ಹಿಡಿಯುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಹೋದಾಗ ಶಶಿ ಸೂರು ನೋಡುತ್ತಲೇ ಕೇಳಿದಳು.

"ಹೊಟ್ಟೆಕಿಚ್ಚಿಗೆ ಹೇಳಿದ್ಯಾ?"

ಇಲ್ಲ ಕಣೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸ್ಟೂಲು ಎಳೆದುಕೊಂಡು ಕೂತೆ.

"ಹೊಟ್ಟೆಕಿಚ್ಚು ಇತ್ತು. ನಿನ್ನ ಹೆಸರು ಹೇಳಿದ ದಿನದಿಂದ ಇತ್ತು. ನಗ್ತಾ ಕೈಬೀಸಿದೆನಲ್ಲ, ಆಗ್ಲೂ ಇತ್ತು. ಬಾಗಿಲು ತೆಗೆದಾಗ ಒಂದು ಕ್ಷಣ ಖುಷೀನೂ ಆಯ್ತು, ಅದನ್ನೂ ಹೇಳಿಬಿಡ್ತೀನಿ. ಆದ್ರೆ ಎದ್ದು ಹೋಗಿದ್ದು ಅದಕ್ಕಲ್ಲ. ನೀನು ಸೂಪು ಚೆನ್ನಾಗಿದೆ ಅಂದೆ. ನಂಗೆ ಭಯ ಆಯ್ತು."

ಪಕ್ಕದ ಹಾಸಿಗೆಯ ಹೆಂಗಸು ಸೇಬು ಹೆಚ್ಚಿ ಎರಡು ಹೋಳು ನಮ್ಮತ್ತ ಚಾಚಿದಳು. ನಾನು ತೆಗೆದುಕೊಂಡೆ. ಶಶಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಕೋಣೆಯೊಳಗೆ ಮೂರನೆಯ ದಿನದಿಂದಲೇ ಕಾಲು ಹಿಡಿದುಕೊಂಡಿತ್ತು ಎಂದು ಗೋಡೆಗೇ ಹೇಳಿದಳು. ಹೇಳೋಣ ಎಂದುಕೊಂಡಿದ್ದಳಂತೆ, ಅಷ್ಟರಲ್ಲಿ ಕೆಂಗೇರಿಯಲ್ಲಿ ಅಪ್ಪ ಪಕ್ಕದ ಮನೆಯವರಿಗೆಲ್ಲ ಸಿಹಿ ಹಂಚಿದರು ಎಂದು ಮೈಕಿನಲ್ಲಿ ಕೇಳಿಸಿತಂತೆ.

"ಈಗ ಹೇಗಿದೆ?" ಎಂದೆ.

"ಚೆನ್ನಾಗಿದೀನಿ."

ನಾನು ಎದ್ದು ಹೋಗಲಿಲ್ಲ, ಮತ್ತೆ ಕೇಳಲೂ ಇಲ್ಲ. ಸೇಬಿನ ಹೋಳನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಎಷ್ಟೋ ಹೊತ್ತಾದ ಮೇಲೆ ಅವಳ ಹೆಗಲು ಅಲುಗಿತು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ತಡ್ಕೊಳಕ್ಕಾಗ್ತಿಲ್ಲ ಕಣೇ," ಎಂದಳು. "ಬಹಳ ನೋಯ್ತಾ ಇದೆ."

ಗಂಟೆಯ ಗುಂಡಿ ಒತ್ತಿ, ಅವಳ ಕೈ ಹಿಡಿದುಕೊಂಡೆ. ನರ್ಸ್ ಬರುವವರೆಗೂ ಪರವಾಗಿಲ್ಲ ಎನ್ನಲಿಲ್ಲ.